ಬರೋಡಾದ ಅಕ್ಕೋರು ಮತ್ತು ಮೂರನೇ ಪೆಡಲ್

ಆ ಗಾಡಿಗೆ ನಾನು ಕೊಟ್ಟದ್ದು ಇಪ್ಪತ್ತೊಂದು ಸಾವಿರ. ಅದೇ ಗುರುತಿನ, ಅದೇ ವಯಸ್ಸಿನ ಜರ್ಮನ್ ಗಾಡಿ ಆಗ ಅಹಮದಾಬಾದಿನಲ್ಲಿ ಮೂವತ್ತಕ್ಕೆ ಕಡಿಮೆ ಸಿಗುತ್ತಿರಲಿಲ್ಲ. ಇದು ಅಗ್ಗಕ್ಕೆ ಬಂದದ್ದು ಬಣ್ಣ ಮಾಸಿದ್ದಕ್ಕಲ್ಲ, ಇಂಜಿನ್ ಹೊಗೆ ಉಗುಳುತ್ತಿದ್ದುದಕ್ಕೂ ಅಲ್ಲ. ಅದಕ್ಕೆ ಕ್ಲಚ್ ಪೆಡಲ್ ಇರಲಿಲ್ಲ. ಗೇರ್ ಇತ್ತು, ಅದನ್ನು ಕೈಯಿಂದಲೇ ಹಾಕಬೇಕಿತ್ತು. ಆದರೆ ಕ್ಲಚ್ ಕೆಲಸವನ್ನು ಗಾಡಿ ತಾನೇ ಮಾಡಿಕೊಳ್ಳುತ್ತಿತ್ತು. ಬಲಗಾಲಿಗೆ ಎರಡು ಪೆಡಲ್, ಎಡಗಾಲಿನ ಕೆಳಗೆ ಖಾಲಿ ನೆಲ. ಆ ಖಾಲಿ ನೆಲಕ್ಕಾಗಿಯೇ ಒಬ್ಬ ಹೆಣ್ಣುಮಗಳು ಆ ಗಾಡಿ ಬೇಕೆಂದು ಕೂತಿದ್ದರು. ಅದೇ ದೊಡ್ಡ ದೋಷವೆಂದು ವಾದ ಮಾಡಿ, ಗೆದ್ದು, ಗಾಡಿಯನ್ನು ಅವರಿಂದ ತಪ್ಪಿಸಿದವನು ನಾನು.

ಅವರು ತೀರಿಕೊಂಡರೆಂಬ ಸುದ್ದಿ ಮೊನ್ನೆ ಬಂತು. ಅಂದಿನಿಂದ ಎಡಗಾಲನ್ನು ನೆಲಕ್ಕೆ ಊರುವಾಗೆಲ್ಲ ಅವರ ನೆನಪಾಗುತ್ತಿದೆ. ಅದಕ್ಕೇ ಬರೆಯಲು ಕೂತಿದ್ದೇನೆ.

ಮೊದಲು ನನ್ನ ಕಸುಬು ಹೇಳಿಬಿಡುತ್ತೇನೆ. ದಾವಣಗೆರೆಯ ಹತ್ತಿ ಅಂಗಡಿಯೊಂದರಲ್ಲಿ ಕಾರಕೂನನಾಗಿದ್ದವನು ಸಾಹುಕಾರರ ಜೊತೆ ಅಹಮದಾಬಾದಿಗೆ ಬಂದೆ. ಸಾಹುಕಾರರು ವಾಪಸು ಹೋದರು, ನಾನು ಉಳಿದೆ. ಅರವತ್ತರ ದಶಕದ ಆ ವರ್ಷಗಳಲ್ಲಿ ಹೊರದೇಶದ ಗಾಡಿ ತರಿಸುವುದು ಸಾಮಾನ್ಯರ ಮಾತಾಗಿರಲಿಲ್ಲ. ಆದರೆ ಮಿಲ್ಲುಗಳಿಗೆ ಯಂತ್ರ ಕೂಡಿಸಲು ಬಂದ ಜರ್ಮನ್ ಇಂಜಿನಿಯರುಗಳು ಊರಿಗೆ ಹೋಗುವಾಗ ತಮ್ಮ ಗಾಡಿ ಇಲ್ಲೇ ಬಿಟ್ಟುಹೋಗುತ್ತಿದ್ದರು. ಅಂಥವನ್ನು ಕೊಂಡು, ಒರೆಸಿ, ಎರಡು ಮಾತು ಸೇರಿಸಿ ಮಾರುವುದು ನನ್ನ ಕೆಲಸ. ನವರಂಗಪುರದಲ್ಲಿ ತಗಡಿನ ಶೆಡ್ ಹಾಕಿಕೊಂಡಿದ್ದೆ. ಕಂಪನಿಗಳ ಹೆಸರು ನಮ್ಮ ಬಜಾರಿನವರ ಬಾಯಿಗೆ ಹೊರಳುತ್ತಿರಲಿಲ್ಲ, ಹಾಗಾಗಿ ಮೂತಿಯ ಮೇಲಿನ ಗುರುತು ನೋಡಿ ಕರೆಯುತ್ತಿದ್ದೆವು: ನಕ್ಷತ್ರದ ಗಾಡಿ, ಮಿಂಚಿನ ಗಾಡಿ, ವಜ್ರದ ಗಾಡಿ.

ಅವರು ಬರೋಡಾದ ಕಾಲೇಜಿನಲ್ಲಿ ಬಟ್ಟೆಗೆ ಬಣ್ಣ ಹಾಕುವ ವಿದ್ಯೆ ಕಲಿಸುತ್ತಿದ್ದರು. ಧಾರವಾಡದ ಕಡೆಯವರು, ಮದುವೆಯಾಗಿರಲಿಲ್ಲ. ಜರ್ಮನಿಯಲ್ಲಿ ಕೆಲವು ವರ್ಷ ಓದಿ ಬಂದಿದ್ದರು. ಗುಜರಾತಿಗಳಿಗೆ ಅವರು ‘ಬೆನ್’, ನನಗೆ ‘ಅಕ್ಕೋರು’. ಬ್ಯಾಂಕಿನಿಂದ ವರ್ಗವಾಗಿ ಬಂದಿದ್ದ ನಮ್ಮ ಕಡೆಯವರೊಬ್ಬರು ಅವರಿಗೆ ನನ್ನ ಹೆಸರು ಹೇಳಿದ್ದರು. ‘ಜರ್ಮನ್ ಗಾಡಿ ಬೇಕಂತೆ, ಕನ್ನಡದವರೇ, ಹೋಗಿ ನೋಡು’ ಎಂದರು. ಮಾಸ್ತರಿಕೆಯ ಸಂಬಳದಲ್ಲಿ ಜರ್ಮನ್ ಗಾಡಿಯೇ ಎಂದು ನಕ್ಕೆ. ಆಮೇಲೆ ತಿಳಿಯಿತು, ಮದುವೆಗೆಂದು ತಾಯಿ ಮಾಡಿಸಿಟ್ಟ ಬಂಗಾರ ಹಾಗೇ ಇತ್ತು. ‘ಗಂಡ ಬರಲಿಲ್ಲ, ಗಾಡಿಯರೇ ಬರಲಿ’ ಎಂದು ಅವರೇ ಒಮ್ಮೆ ಹೇಳಿದರು. ನಗಬೇಕೋ ಸುಮ್ಮನಿರಬೇಕೋ ತಿಳಿಯದೆ ನಾನು ಕೆಮ್ಮಿದೆ.

ಮೊದಲ ಸಲ ವಜ್ರದ ಗಾಡಿ ತೆಗೆದುಕೊಂಡು ಹೋಗಿದ್ದೆ. ಗೇಟಿನ ಹತ್ತಿರ ನಿಲ್ಲಿಸಿ ಹಾರ್ನ್ ಹೊಡೆದೆ. ಅವರು ಜಗಲಿಯ ತೂಗುಮಂಚದ ಮೇಲೆ ಕೂತಿದ್ದರು, ಏಳಲಿಲ್ಲ.

‘ಇನ್ನೂ ಮುಂದ ತಗೊಂಡ ಬರ್ರಿ.’

ಮುಂದೆ ತಂದೆ.

‘ಇನ್ನೂ.’

‘ಅಕ್ಕೋರೇ, ಇನ್ನು ಮುಂದೆ ಬಂದ್ರೆ ನಿಮ್ಮ ಮೆಟ್ಟಿಲು ಹತ್ತುತ್ತೆ.’

‘ಹತ್ತಲಿ. ಮನಿ ತನಕಾ ಬಂದಾವ್ರು ಮೆಟ್ಟಲಕ್ಕ ಯಾಕ ಅಂಜತೀರಿ?’

ಮೆಟ್ಟಿಲಿಗೆ ತಾಗಿಸಿ ನಿಲ್ಲಿಸಿದೆ. ಅವರು ನಿಧಾನವಾಗಿ ಎದ್ದು ಬಂದರು. ಬಂದವರು ಗಾಡಿಯ ಮೇಲೆ ಬಲಗೈ ಅಂಗೈ ಇಟ್ಟರು. ಇಟ್ಟ ಕೈ ತೆಗೆಯದೆ, ಬಾನೆಟ್ಟಿನಿಂದ ಬಾಗಿಲು, ಬಾಗಿಲಿನಿಂದ ಡಿಕ್ಕಿ, ಹಾಗೇ ಸುತ್ತಿ ಇನ್ನೊಂದು ಕಡೆಯಿಂದ ವಾಪಸು ಬಾನೆಟ್ಟಿಗೆ ಬಂದರು. ಒಂದು ಮಾತಿಲ್ಲ. ನಾನು ಆ ಕೈಯನ್ನೇ ನೋಡುತ್ತಿದ್ದೆ, ಏಕೆಂದರೆ ಹಿಂದಿನ ಎಡಗಡೆ ತಗ್ಗು ಬಿದ್ದಲ್ಲಿ ಪುಟ್ಟಿ ತುಂಬಿಸಿ ಬಣ್ಣ ಬಳಿಸಿದ್ದೆ. ಅಂಗೈ ಆ ಜಾಗದ ಮೇಲೆ ಬಂದಾಗ ಸ್ವಲ್ಪ ನಿಂತಿತು.

ನಾನೇ ಬಾಯಿಬಿಟ್ಟೆ. ‘ಅಲ್ಲಿ ಸ್ವಲ್ಪ ಕೆಲಸ ಆಗಿದೆ ಅಕ್ಕೋರೇ. ಅದಕ್ಕೆ ಬೆಲೆ ಇಳಿಸಿಕೊಡ್ತೀನಿ.’

‘ಹೌದಾ?’ ಎಂದು ಅವರು ನನ್ನ ಮುಖ ನೋಡಿ ನಕ್ಕರು.

ವಾಪಸು ಬರುವಾಗ ದಾರಿಯುದ್ದಕ್ಕೂ ಅದನ್ನೇ ಯೋಚಿಸಿದೆ. ಎಂಥ ಗಿರಾಕಿ! ತಾನು ಇಳಿದು ಬರುವುದಿಲ್ಲ, ಮಾರುವವನನ್ನೇ ಹತ್ತಿರಕ್ಕೆ ಕರೆಸಿಕೊಳ್ಳುತ್ತಾಳೆ. ಮಾತಾಡುವುದಿಲ್ಲ, ಮಾರುವವನೇ ಹುಳುಕು ಒಪ್ಪಿಕೊಳ್ಳುವ ಹಾಗೆ ಮಾಡುತ್ತಾಳೆ. ಕಣ್ಣನ್ನು ನಂಬದೆ ಅಂಗೈಯನ್ನು ನಂಬುತ್ತಾಳೆ. ಆ ದಿನದಿಂದ ನಾನೂ ಹಾಗೇ ಮಾಡತೊಡಗಿದೆ. ಗಾಡಿ ಕೊಳ್ಳಲು ಹೋದರೆ ಕುರ್ಚಿಯಿಂದ ಏಳುವುದಿಲ್ಲ, ಗಾಡಿ ನನ್ನ ಹತ್ತಿರ ಬರಬೇಕು. ಆಮೇಲೆ ಅಂಗೈ ಇಟ್ಟು ಒಂದು ಸುತ್ತು, ಬಾಯಿ ಬಂದ್. ನಂಬಿ, ಅರ್ಧ ಊರಿನ ಗಾಡಿಗಳನ್ನು ನಾನು ಹಾಗೇ ಬೆಲೆ ಇಳಿಸಿ ಕೊಂಡಿದ್ದೇನೆ. ‘ಯೇ ಆದ್ಮೀ ಹಾಥ್ ಸೆ ದೇಖ್ತಾ ಹೈ’, ಈ ಮನುಷ್ಯ ಕೈಯಿಂದ ನೋಡುತ್ತಾನೆ ಎಂದು ಮೆಕ್ಯಾನಿಕ್ಕುಗಳು ಆಡಿಕೊಳ್ಳುತ್ತಿದ್ದರು. ಅದು ಅಕ್ಕೋರ ವಿದ್ಯೆ ಎಂದು ನಾನು ಹೆಮ್ಮೆಯಿಂದ ಹೇಳುತ್ತಿದ್ದೆ.

ಅವರು ಅಂಗೈ ಇಟ್ಟದ್ದು ಪುಟ್ಟಿ ಹುಡುಕಲಿಕ್ಕಲ್ಲ, ಬೀಳದಿರಲು. ಎಡಗಾಲಿಗೆ ಚಿಕ್ಕಂದಿನಲ್ಲೇ ಪೋಲಿಯೋ ಬಡಿದಿತ್ತು. ಉದ್ದ ಸೀರೆಯ ಕೆಳಗೆ ಕಬ್ಬಿಣದ ಪಟ್ಟಿ, ಒಂದು ಬೂಟಿಗೆ ದಪ್ಪ ಅಟ್ಟೆ. ಅದು ನನಗೆ ಗೊತ್ತಿರಲಿಲ್ಲ. ಓಡುತ್ತಿರುವ ಗಾಡಿಯ ಸದ್ದು ಕೇಳಿ ಗೇರ್‌ಬಾಕ್ಸಿನ ಯಾವ ಹಲ್ಲು ಸವೆದಿದೆಯೆಂದು ಹೇಳುತ್ತಿದ್ದ ನನಗೆ, ಅವರ ಎರಡು ಹೆಜ್ಜೆಯ ಸದ್ದು ಬೇರೆಬೇರೆ ಎಂದು ಕೇಳಿಸಲೇ ಇಲ್ಲ. ನಿಧಾನದ ನಡಿಗೆಯನ್ನು ಮಾಸ್ತರಿಕೆಯ ಗತ್ತು ಅಂದುಕೊಂಡೆ.

ವಜ್ರದ ಗಾಡಿಯನ್ನು ಅವರು ಬೇಡವೆಂದರು. ‘ಇದನ್ನ ಮಾಡಿದ ಕಂಪನೀನ ಮುಚ್ಚೇದ. ತಾಯಿಲ್ಲದ ಕೂಸನ್ನ ನಾ ಹೆಂಗ ಸಾಕಲಿ?’ ಎಂದರು. ಅದು ಅವರಿಗೆ ಹೇಗೆ ಗೊತ್ತಾಯಿತೋ. ನಾನು ಆ ವಿಷಯವನ್ನು ನಾಲಿಗೆಯ ಕೆಳಗೆ ಇಟ್ಟುಕೊಂಡೇ ಬಂದಿದ್ದೆ.

ಆಮೇಲೆ ಸುಮಾರು ಒಂದು ವರ್ಷ ನಾವು ಜರ್ಮನ್ ಗಾಡಿಗಳ ಪಂಚಾಯ್ತಿ ಮಾಡಿದೆವು. ಬರೋಡಾ ಕಡೆ ಹೋದಾಗಲೆಲ್ಲ ಯಾವುದಾದರೊಂದು ಗಾಡಿಯಲ್ಲಿ ಹೋಗುತ್ತಿದ್ದೆ. ತೂಗುಮಂಚದ ಮೇಲೆ ಅವರು, ಬೆತ್ತದ ಮೋಡಾದ ಮೇಲೆ ನಾನು, ನಡುವೆ ಚಹಾ ಮತ್ತು ಧಾರವಾಡದಿಂದ ಬಂದ ಚಟ್ನಿಪುಡಿ ಹಚ್ಚಿದ, ಹಪ್ಪಳದಂತೆ ಗರಿಗರಿಯಾದ ಗುಜರಾತಿ ಖಾಕ್ರಾ. ಆ ಜೋಡಿ ನನಗೆ ಬೇರೆಲ್ಲೂ ಸಿಕ್ಕಿಲ್ಲ, ನೀವೂ ಒಮ್ಮೆ ತಿಂದು ನೋಡಿ.

ಗಾಡಿಯ ಚೆಂದದ ಬಗ್ಗೆ ಅವರ ಬಾಯಿ ಬಲು ಹರಿತ. ಹಿಂದೆ ಎರಡು ರೆಕ್ಕೆ ಎದ್ದ ಹೊಸ ನಕ್ಷತ್ರದ ಗಾಡಿಯೊಂದನ್ನು, ಒಬ್ಬ ಶೇಠರಿಂದ ಒಂದು ದಿನದ ಮಟ್ಟಿಗೆ ಕೇಳಿಕೊಂಡು, ತೋರಿಸಲು ಒಯ್ದಿದ್ದೆ. ಕ್ಲಚ್ ಇಲ್ಲ, ಗೇರನ್ನೂ ಅದೇ ಬದಲಿಸಿಕೊಳ್ಳುತ್ತಿತ್ತು. ಅಹಮದಾಬಾದಿನಲ್ಲಿ ಅದನ್ನು ನೋಡಲು ಜನ ಕಣ್ಣು ಬಾಯಿ ಬಿಟ್ಟುಕೊಂಡು ನಿಲ್ಲುತ್ತಿದ್ದರು.

ಅಕ್ಕೋರು ನೋಡಿ, ‘ಸೆರಗಿನ ಎರಡೂ ತುದಿಗೆ ಕಡ್ಡಿ ಸಿಗಿಸಿ ನಿಲ್ಲಿಸಿದ್ಹಂಗ ಅದ’ ಎಂದರು. ‘ಗಾಳಿ ಬಂದ್ರ ಹಾರತದೇನ್ರಿ?’

‘ಫ್ಯಾಷನ್ ಅಕ್ಕೋರೇ. ಅಮೆರಿಕಾದವರನ್ನ ನೋಡಿ ಮಾಡಿದ್ದು.’

‘ಅದಕ್ಕ ಅಂದೆ. ಇನ್ನೊಬ್ಬರ ಸೀರಿ ಉಟ್ಟಾರ, ನಿರಿಗಿ ಕೂತಿಲ್ಲ.’

ಬೆಲೆ ಕೇಳಿದರು, ಹೇಳಿದೆ. ‘ನಮ್ಮವ್ವ ಇನ್ನೂ ನಾಕು ಹೆಣ್ಣು ಹಡದು ಅವರ ಬಂಗಾರಾನೂ ಮಾಡಿಸಿಡಬೇಕಿತ್ತು’ ಎಂದು ಆ ವಿಷಯ ಬಿಟ್ಟರು. ಬಿಟ್ಟದ್ದು ಒಳ್ಳೆಯದೇ ಆಯಿತು. ಆ ಗೇರ್‌ಬಾಕ್ಸ್‌ಗೆ ಬೇಕಾದ ಎಣ್ಣೆ ಮುಂಬಯಿಯಲ್ಲೂ ಪರದಾಡಿ ಹುಡುಕಬೇಕಿತ್ತು, ಬಿಚ್ಚಿದರೆ ಮತ್ತೆ ಜೋಡಿಸುವವರು ನಮ್ಮಲ್ಲಿ ಯಾರೂ ಇರಲಿಲ್ಲ.

ಮಿಂಚಿನ ಗಾಡಿಯ ಮೇಲೆ ನನಗೆ ಪ್ರೀತಿ. ಆರು ಸಿಲಿಂಡರು, ಆನೆಯಂಥ ಇಂಜಿನ್, ಸ್ಟಿಯರಿಂಗ್ ಕೊರಳಿನಲ್ಲೇ ಗೇರ್ ಕೋಲು, ಬರೀ ಮೂರು ಗೇರು. ಮೂರನೆಯದಕ್ಕೆ ಹಾಕಿ ಬಿಟ್ಟರೆ ಭರೂಚದ ಸೇತುವೆಯವರೆಗೂ ಕೋಲು ಮುಟ್ಟಬೇಕಿಲ್ಲ. ಕೆಟ್ಟರೆ ಯಾವ ಲಾರಿ ಮೆಕ್ಯಾನಿಕ್ಕೂ ರಿಪೇರಿ ಮಾಡುತ್ತಿದ್ದ. ಇದನ್ನೆಲ್ಲ ಹೇಳಿದೆ. ಅವರು ಕೇಳಿದ್ದು ಒಂದೇ.

‘ಕ್ಲಚ್ ಎಷ್ಟು ಭಾರ?’

‘ಭಾರ ಇದೆ. ಗಂಡಸರ ಗಾಡಿ. ಆದ್ರೆ ನಿಮಗೇನು? ಒತ್ತೋನು ಡ್ರೈವರ್ ತಾನೇ?’

‘ಡ್ರೈವರ್ ಇಡ್ತೀನಂತ ಯಾವಾಗ ಹೇಳಿದೆ ನಾ?’

ನಾನು ನಕ್ಕೆ. ಅವರೂ ನಕ್ಕರು. ಈಗ ನೆನಪಿಸಿಕೊಂಡರೆ, ಅವರು ನನ್ನಷ್ಟು ಹೊತ್ತು ನಗಲಿಲ್ಲ.

ಅಷ್ಟರಲ್ಲಿ ಬಂತು ಆ ಇಪ್ಪತ್ತೊಂದು ಸಾವಿರದ ಗಾಡಿ. ನಕ್ಷತ್ರದ ಗುರುತೇ, ಆದರೆ ರೆಕ್ಕೆ ಬರುವ ಮೊದಲಿನದು. ದುಂಡು ಬೆನ್ನು, ದುಂಡು ಕೆನ್ನೆ, ಬೂದಿ ಬಣ್ಣ. ಸ್ಟಿಯರಿಂಗ್ ಬಲಗಡೆಗೇ ಇತ್ತು. ಊರಿಗೆ ಹೊರಟಿದ್ದ ಜರ್ಮನ್ ಸಾಹೇಬನೊಬ್ಬ ಕೊಟ್ಟ. ಅದರ ಗುಟ್ಟು ಗೇರ್ ಕೋಲಿನಲ್ಲಿತ್ತು. ಕೋಲನ್ನು ಮುಟ್ಟಿದರೆ ಸಾಕು, ಒಳಗೆ ಕ್ಲಚ್ ತಾನೇ ಬಿಡುತ್ತಿತ್ತು. ಕೈ ತೆಗೆದರೆ ತಾನೇ ಹಿಡಿಯುತ್ತಿತ್ತು. ನಮ್ಮ ಡ್ರೈವರುಗಳ ಕೈ ಸದಾ ಗೇರ್ ಕೋಲಿನ ಮೇಲೇ ಜೋತಿರುತ್ತದೆ, ನೀವೂ ನೋಡಿರುತ್ತೀರಿ. ಈ ಗಾಡಿಯಲ್ಲಿ ಹಾಗೆ ಮಾಡಿದರೆ ಕ್ಲಚ್ ಅರ್ಧ ಬಿಟ್ಟು ಅರ್ಧ ಹಿಡಿದು ಇಂಜಿನ್ ಅರಚುತ್ತದೆ, ಗಾಡಿ ಹೋಗುವುದಿಲ್ಲ, ಸ್ವಲ್ಪ ದಿನಕ್ಕೆ ಸುಟ್ಟ ವಾಸನೆ. ಅದಕ್ಕೇ ಬಜಾರಿನಲ್ಲಿ ಯಾರೂ ಮುಟ್ಟಿರಲಿಲ್ಲ.

ಅಕ್ಕೋರು ಏನೋ ಕೆಲಸಕ್ಕೆ ಅಹಮದಾಬಾದಿಗೆ ಬಂದಿದ್ದರು. ಶೆಡ್ಡಿನ ಮುಂದೆ ರಿಕ್ಷಾದಿಂದ ಇಳಿಯುತ್ತಲೇ ಆ ಗಾಡಿ ಕಂಡಿತು. ಅಂಗೈ ಇಟ್ಟರು, ಒಂದು ಸುತ್ತು ಬಂದರು.

‘ಕುಂತ ಎಮ್ಮಿಹಂಗ ಅದ’ ಎಂದರು. ಬೈದರೆಂದುಕೊಂಡೆ. ‘ಯಾರನ್ನೂ ಮೆಚ್ಚಸೂದು ಬೇಕಾಗಿಲ್ಲ ಇದಕ್ಕ. ನೋಡ್ರಿ, ಎಷ್ಟ ಸಮಾಧಾನ!’

ಬಾಗಿಲು ತೆಗೆದು ಒಳಗೆ ಬಗ್ಗಿ ನೆಲ ನೋಡಿದರು. ಪೆಡಲುಗಳನ್ನು ನೋಡಿದರು. ‘ಸಾವ್ಕಾರ್ರ, ನಾ ಓಡಸ್ತೀನಿ’ ಎಂದರು. ಅವರು ನನ್ನನ್ನು ಸಾವ್ಕಾರ್ರ ಎಂದೇ ಕರೆಯುತ್ತಿದ್ದರು, ಅರ್ಧ ಗೌರವ ಅರ್ಧ ಚೇಷ್ಟೆ.

ಈಗ ಸ್ಯಾಟಲೈಟ್ ಎಂದು ಕರೆಯುವ ಬಡಾವಣೆಯ ಕಡೆ ಆಗ ಹೊಲ ಮತ್ತು ಜಾಲಿ ಗಿಡ ಬಿಟ್ಟರೆ ಏನೂ ಇರಲಿಲ್ಲ. ಗಾಡಿ ಪರೀಕ್ಷೆಗೆ ನಾವೆಲ್ಲ ಆ ಖಾಲಿ ರಸ್ತೆಗೇ ಹೋಗುತ್ತಿದ್ದೆವು. ಅವರು ಮೊದಲು ಸೀಟಿನ ಮೇಲೆ ಕೂತು, ಸೀರೆ ಒಟ್ಟು ಮಾಡಿಕೊಂಡು, ಆಮೇಲೆ ಕಾಲು ಒಳಗೆ ಎಳೆದುಕೊಂಡರು. ನಾನು ಮರ್ಯಾದೆಗೆ ಬೇರೆ ಕಡೆ ನೋಡಿದೆ. ಆ ಒಂದು ಕ್ಷಣ ಮರ್ಯಾದೆ ಮರೆತಿದ್ದರೆ ಈ ಬರಹ ಬೇಕಾಗುತ್ತಿರಲಿಲ್ಲ.

ಅವರು ಓಡಿಸಿದ್ದನ್ನು ಏನು ಹೇಳಲಿ. ಗೇರ್ ಹಾಕುವಾಗ ಕೋಲನ್ನು ಎರಡು ಬೆರಳಲ್ಲಿ ಮುಟ್ಟುತ್ತಿದ್ದರು, ಒಲೆಯ ಮೇಲಿನ ಹಾಲಿನ ಪಾತ್ರೆ ಮುಟ್ಟುವ ಹಾಗೆ. ಮುಟ್ಟಿ, ಬದಲಿಸಿ, ತಕ್ಷಣ ಕೈಯನ್ನು ತೊಡೆಯ ಮೇಲೆ ಇಟ್ಟುಕೊಳ್ಳುತ್ತಿದ್ದರು. ಒಮ್ಮೆಯೂ ಇಂಜಿನ್ ಅರಚಲಿಲ್ಲ. ಊರು ಹಿಂದೆ ಬಿದ್ದ ಮೇಲೆ ಕೇಳಿದರು, ‘ನಿಮಗ ಊರು ನೆನಪಾಗತದೇನ್ರಿ?’

‘ಪುರುಸೊತ್ತೆಲ್ಲಿ ಅಕ್ಕೋರೇ?’

‘ನನಗ ದಿನಾ ಆಗತಿತ್ತು. ಈಗ ಯಾವ ಊರೂ ಬ್ಯಾಡ ಅನ್ನಸ್ತದ. ಹಿಂಗ ಹೊಂಟ್ರ ಸಾಕು. ಯಾರನ್ನೂ “ಸ್ವಲ್ಪ ನಿಲ್ಲಪ್ಪಾ, ಸ್ವಲ್ಪ ಹತ್ರ ತಾರಪ್ಪಾ” ಅನ್ನೂದ ಬ್ಯಾಡ.’

ನಾನು ಅಂದುಕೊಂಡದ್ದೇನು ಗೊತ್ತೇ? ಸರಕನ್ನು ಪ್ರೀತಿಸಿಬಿಟ್ಟರು, ಇನ್ನು ಮೋಸ ಹೋಗುತ್ತಾರೆ ಅಂತ. ನನ್ನ ಕಸುಬಿನಲ್ಲಿ ಅದು ದೊಡ್ಡ ರೋಗ. ಬೇರೆ ಗಿರಾಕಿಯಾಗಿದ್ದರೆ ಅದೇ ಹೊತ್ತಿಗೆ ಬೆಲೆ ಏರಿಸಿ ಕೈಗೆ ಕೀಲಿ ಇಟ್ಟುಬಿಡುತ್ತಿದ್ದೆ. ಇವರು ನಮ್ಮವರು. ತಾಯಿಯ ಬಂಗಾರ ಮಾರಿ, ನಾಳೆ ಯಾರೂ ರಿಪೇರಿ ಮಾಡದ, ನಾಡಿದ್ದು ಯಾರೂ ಕೊಳ್ಳದ ಗಾಡಿ ತೆಗೆದುಕೊಳ್ಳುವುದನ್ನು ನಾನು ನೋಡಿಕೊಂಡಿರಬೇಕೇ? ಆ ಕ್ಷಣಕ್ಕೆ ನಾನು ವ್ಯಾಪಾರಿ ಅಲ್ಲ, ತಮ್ಮ ಆಗಿಬಿಟ್ಟೆ. ಹೇಳುತ್ತೇನೆ ಕೇಳಿ, ನನ್ನಂಥವನು ವ್ಯಾಪಾರಿಯಾಗಿಯೇ ಉಳಿದಿದ್ದರೆ ಒಳ್ಳೆಯದಿತ್ತು.

ಶೆಡ್ಡಿಗೆ ವಾಪಸು ಬಂದು ನಿಲ್ಲಿಸಿದರು. ಇಳಿಯದೆ, ಸ್ಟಿಯರಿಂಗ್ ಮೇಲೆ ಕೈ ಇಟ್ಟುಕೊಂಡೇ ಹೇಳಿದರು, ‘ಇದ ಇರಲಿ. ಎಷ್ಟಕ್ಕ ಕೊಡ್ತೀರಿ?’

‘ಇದು ಬೇಡ ಅಕ್ಕೋರೇ.’

‘ಯಾಕ?’

ಯಾಕೆಂದು ಹೇಳಿದೆ. ಬಿಡಿಭಾಗ ಸಿಗುವುದಿಲ್ಲ ಎಂದೆ. ಮಾರಲು ಹೋದರೆ ಯಾರೂ ಕೊಳ್ಳುವುದಿಲ್ಲ ಎಂದೆ. ಯಾವ ಡ್ರೈವರ್ ಇಟ್ಟರೂ ಕೈ ಜೋತುಬಿಟ್ಟು ಸುಡುತ್ತಾನೆ ಎಂದೆ.

‘ನಾ ಕೈ ಜೋತ ಬಿಡೂದಿಲ್ಲಲ್ರೀ.’

‘ಅದು ಸರಿ. ಆದ್ರೂ...’

‘ಕೇಳ್ರಿ ಇಲ್ಲೆ. ಜರ್ಮನಿಯೊಳಗ ನಾ ಇದ್ದ ಮನಿ ಯಜಮಾನಗ ಯುದ್ಧದಾಗ ಎಡಗಾಲು ಹೋಗಿತ್ತು. ಮೊಣಕಾಲ ಮ್ಯಾಲಿಂದ. ಆ ಮುದುಕ ಇಂಥಾದ್ದ ಒಂದು ಗಾಡಿ ಇಟ್ಟಿದ್ದ. ಪ್ಯಾಟಿಗೆ, ಗುಡ್ಡಕ್ಕ, ಎಲ್ಲಾ ಕಡೆ ತಾನ ಹೋಗಾಂವ. ನನಗೂ ಅವನ ಕಲಿಸಿದ. ಅಲ್ಲೆ ಅಂಥವರು ಬಹಳ ಮಂದಿ ಇಂಥಾ ಗಾಡಿ...’

ಆಗ ನಾನು ಆ ಮಾತು ಆಡಿದೆ. ವಾದದಲ್ಲಿ ಗೆಲ್ಲುವ ಎಳೆ ಕೈಗೆ ಸಿಕ್ಕಿತೆಂಬ ಖುಷಿಯಲ್ಲಿ ಆಡಿದೆ.

‘ನೋಡಿದ್ರಾ? ನೀವೇ ಹೇಳಿದ್ರಿ! ಇದು ಕುಂಟರ ಗಾಡಿ ಅಕ್ಕೋರೇ. ನಿಮಗ್ಯಾಕೆ?’

ಅವರು ಎದುರಿಗೆ ಗಾಜಿನಾಚೆ ನೋಡುತ್ತ ಕೂತರು. ಎದುರಿಗೆ ನನ್ನ ಶೆಡ್ಡಿನ ತಗಡು ಬಿಟ್ಟರೆ ನೋಡಲು ಏನೂ ಇರಲಿಲ್ಲ. ಆಮೇಲೆ ಕೀಲಿ ತೆಗೆದು ನನ್ನ ಕೈಗೆ ಕೊಟ್ಟರು.

‘ಹೌದಲ್ರೀ. ನನಗ್ಯಾಕ ಅದು. ನೀವು ಹೇಳಿದ ಆ ಮಿಂಚಿನ ಗಾಡೀನ ತಗೊಂಡ ಬರ್ರಿ.’

ಗೆದ್ದೆ. ಅವತ್ತು ಎರಡು ಬೀಡಾ ಹೆಚ್ಚಿಗೆ ತಿಂದೆ.

ಬೂದಿ ಗಾಡಿಗೆ ಬೇರೆ ಗಿರಾಕಿ ತಾನಾಗಿಯೇ ಸಿಕ್ಕ. ಸೂರತ್ತಿನ ಶೇಠ, ಪಾಂಡೇಸರಾ ಕಡೆ ಆಗಷ್ಟೇ ಏಳುತ್ತಿದ್ದ ಬಣ್ಣದ ಮಿಲ್ಲುಗಳಲ್ಲಿ ಒಂದು ಅವನದು. ಅವನಿಗೆ ಬೇಕಿದ್ದದ್ದು ಮೂತಿಯ ಮೇಲಿನ ನಕ್ಷತ್ರ. ಕೆಳಗೆ ಏನಿದ್ದರೂ ಸರಿ. ಒಳ್ಳೆಯ ಲಾಭಕ್ಕೆ ಕೊಟ್ಟೆ. ಕೊಡುವಾಗ ಸುಮ್ಮನೆ ಕೊಡಬೇಕಲ್ಲ, ಉಪದೇಶ ಮಾಡುವ ಚಟ. ‘ಶೇಠ್‌ಜೀ, ಡ್ರೈವರ್‌ಗೆ ಒಗ್ಗದಿದ್ರೆ ಇದನ್ನೆಲ್ಲ ಕಿತ್ತು ಸಾದಾ ಕ್ಲಚ್ ಕೂಡಿಸಿಬಿಡಿ, ಪೆಡಲ್ ಒಂದು ಬೆಸೆದರೆ ಆಯ್ತು’ ಎಂದೆ. ಯಾವ ವರ್ಕ್‌ಶಾಪು ಆ ಕೆಲಸ ಮಾಡಬಲ್ಲದು ಎಂಬುದನ್ನೂ ಹೇಳಿದೆ.

ಮಿಂಚಿನ ಗಾಡಿ ಹುಡುಕಲು ಎರಡು ತಿಂಗಳು ಹಿಡಿಯಿತು. ಅಷ್ಟು ಜಗ್ಗಾಡಿ ನಾನು ಯಾವ ಗಾಡಿಯನ್ನೂ ಕೊಂಡಿಲ್ಲ. ಒಂದು ಪೈಸೆ ಲಾಭ ಇಟ್ಟುಕೊಳ್ಳದೆ ಕೊಡಬೇಕೆಂದು ತೀರ್ಮಾನಿಸಿ, ತೊಳೆಸಿ, ಒರೆಸಿ, ಬರೋಡಾಕ್ಕೆ ಒಯ್ದು, ಹೇಳಿಸಿಕೊಳ್ಳದೆಯೇ ಮೆಟ್ಟಿಲಿಗೆ ತಾಗಿಸಿ ನಿಲ್ಲಿಸಿದೆ.

‘ಬನ್ನಿ ಅಕ್ಕೋರೇ, ಒಂದು ರೌಂಡ್ ನೀವೇ ಹೊಡೀರಿ. ಕ್ಲಚ್ ಒತ್ತಿ ನೋಡಿ, ಬೆಣ್ಣೆ ಹಾಗೆ ಮಾಡಿಸಿದೀನಿ.’

ಅವರು ಕೂತರು. ಸೀರೆಯ ಮೇಲಿಂದ ಎರಡೂ ಕೈಯಿಂದ ಎಡ ಮೊಣಕಾಲನ್ನು ಹಿಡಿದು ಎತ್ತಿದರು. ಸಾಮಾನು ಎತ್ತಿ ಇಡುವ ಹಾಗೆ ಆ ಕಾಲನ್ನು ಪೆಡಲ್ ಮೇಲೆ ಇಟ್ಟರು. ಸೀರೆ ಸರಿಯಿತು. ಕಬ್ಬಿಣದ ಪಟ್ಟಿ, ತೊಗಲಿನ ಬಕಲು, ದಪ್ಪ ಅಟ್ಟೆ. ಈ ಸಲ ನಾನು ಬೇರೆ ಕಡೆ ನೋಡುವಷ್ಟರಲ್ಲಿ ಎಲ್ಲ ಕಂಡುಬಿಟ್ಟಿತ್ತು. ಅವರು ಮೊಣಕಾಲಿನ ಮೇಲೆ ಕೈ ಊರಿ, ಮೈಯ ಭಾರವನ್ನೆಲ್ಲ ಅದರ ಮೇಲೆ ಹಾಕಿ ಒತ್ತಿದರು. ಪೆಡಲ್ ಅರ್ಧದವರೆಗೆ ಹೋಗಿ ಕಾಲನ್ನು ವಾಪಸು ತಳ್ಳಿತು. ಇನ್ನೊಮ್ಮೆ ಒತ್ತಿದರು. ಹಣೆಯ ಮೇಲೆ ಬೆವರು ಬಂದಿತ್ತು.

‘ಭಾರ ಅದ್ರಿ’ ಎಂದರು. ದೂರು ಹೇಳುವ ದನಿಯಲ್ಲ, ತೂಕ ಓದಿ ಹೇಳುವ ದನಿ.

ನನ್ನ ಬಾಯಿಂದ ಬಂದದ್ದು ಇಷ್ಟೇ: ‘ಅಕ್ಕೋರೇ... ಹೇಳಬಹುದಿತ್ತಲ್ಲ.’

‘ನೀವು ಕೇಳಿದ್ದೆಲ್ಲಾ ಗಾಡಿ ಸುದ್ದೀನ ಅಲ್ರೀ ಸಾವ್ಕಾರ್ರ.’ ಆಮೇಲೆ ನನ್ನ ಮುಖ ನೋಡಿ, ಅವರೇ ಸಮಾಧಾನ ಹೇಳುವವರ ಹಾಗೆ, ‘ಗಾಡಿ ಛಲೋ ತಂದೀರಿ. ಒಬ್ಬ ಡ್ರೈವರ್ ನೋಡ್ರಿ. ಬಾಯಿಬಡಕ ಬ್ಯಾಡ’ ಎಂದರು.

ಬೇಡ ಅನ್ನಬಹುದಿತ್ತು. ಅನ್ನಲಿಲ್ಲ. ನಾನು ತೊಳೆಸಿ, ಒರೆಸಿ, ಹಿಗ್ಗಿ ತಂದದ್ದನ್ನು ನೋಡಿ ತೆಗೆದುಕೊಂಡರು. ಬಂಗಾರ ಅದಕ್ಕೇ ಹೋಯಿತು.

ಮರುದಿನವೇ ಸೂರತ್ತಿಗೆ ಹೋದೆ. ಎಷ್ಟಾದರೂ ಸರಿ, ಬೂದಿ ಗಾಡಿಯನ್ನು ವಾಪಸು ಕೊಂಡು ಅಕ್ಕೋರ ಮುಂದೆ ನಿಲ್ಲಿಸಬೇಕು, ಮಿಂಚಿನ ಗಾಡಿಯನ್ನು ನಾನೇ ಇಟ್ಟುಕೊಳ್ಳಬೇಕು ಎಂದು ದಾರಿಯುದ್ದಕ್ಕೂ ಮನಸ್ಸಿನಲ್ಲೇ ಮಾತು ಜೋಡಿಸಿದೆ. ಶೇಠ ನನ್ನನ್ನು ಕಂಡು ಕುಣಿದೇಬಿಟ್ಟ.

‘ಆವೋ ಆವೋ! ನೀನು ಹೇಳಿದ ಹಾಗೇ ಮಾಡಿಸಿದೆ. ಹವೇ ಗಾಡಿ ಬರಾಬರ್ ಥಈ ಗಈ!’ ಈಗ ಗಾಡಿ ಸರಿಹೋಯಿತು ಎಂದು, ಬಾಗಿಲು ತೆಗೆದು ತೋರಿಸಿದ.

ಖಾಲಿ ನೆಲದ ಮೇಲೆ ಮೂರನೇ ಪೆಡಲ್ ಬೆಸೆದಿದ್ದರು. ನಾನು ಹೇಳಿದ ವರ್ಕ್‌ಶಾಪಿನಲ್ಲೇ. ಅಚ್ಚುಕಟ್ಟಾದ ಕೆಲಸ, ಹುಳುಕು ಹುಡುಕುವ ಹಾಗಿರಲಿಲ್ಲ. ಕಿತ್ತ ಜರ್ಮನ್ ಸಾಮಾನು ಎಲ್ಲಿ ಎಂದು ಕೇಳಿದೆ. ಗುಜರಿಗೆ ಹಾಕಿದೆ ಎಂದ. ಶೇಠನ ಡ್ರೈವರ್ ಗೇರ್ ಕೋಲಿನ ಮೇಲೆ ಕೈ ಜೋತುಬಿಟ್ಟು ನಿಂತು, ನನಗೆ ಸಲಾಮು ಹೊಡೆದ.

ಅಕ್ಕೋರಿಗೆ ಹೋಗಿ ಹೇಳಿದೆ. ಹೇಳದೆ ಇರಲು ಆಗಲಿಲ್ಲ.

‘ನಮ್ಮ ಎಮ್ಮಿಗೆ ಮೂರನೇದು ಹಚ್ಚಿದ್ರಾ?’ ಎಂದು ಕೇಳಿ, ಸರಪಳಿ ಹಿಡಿದು ತೂಗುಮಂಚವನ್ನು ನಿಲ್ಲಿಸಿದರು. ‘ಪಾಪ. ಅದು ಯಾರ ತಂಟೇಕ್ಕೂ ಹೋಗಿದ್ದಿಲ್ಲ.’ ಆಮೇಲೆ ಒಳಗೆ ಕೂಗಿ ನನಗೆ ಚಹಾ ಹೇಳಿದರು. ಅವತ್ತೂ ಖಾಕ್ರಾ ಬಂತು, ಚಟ್ನಿಪುಡಿ ಬಂತು. ತಿಂದೆ. ತಿನ್ನದೆ ಎದ್ದು ಬರುವಷ್ಟು ದೊಡ್ಡ ಮನುಷ್ಯ ನಾನಲ್ಲ.

ಡ್ರೈವರನ್ನು ನಾನೇ ಹುಡುಕಿಕೊಟ್ಟೆ. ವಯಸ್ಸಾದ ಗುಜರಾತಿ, ಎಲ್ಲರೂ ಕಾಕಾ ಅನ್ನುತ್ತಿದ್ದರು. ಕೆಲವು ತಿಂಗಳಾದ ಮೇಲೆ ಬರೋಡಾ ಸ್ಟೇಷನ್ನಿನ ಹೊರಗೆ ನಿಂತಿದ್ದಾಗ ಆ ಮಿಂಚಿನ ಗಾಡಿ ಬರುವುದು ಕಂಡಿತು. ಜನ ನೋಡಿ ನಗುತ್ತಿದ್ದರು. ಯಾಕೆಂದು ನಾನೂ ಬಗ್ಗಿ ನೋಡಿದೆ. ಅಕ್ಕೋರು ಹಿಂದಿನ ಸೀಟಿನಲ್ಲಿರಲಿಲ್ಲ. ಮುಂದೆ, ಕಾಕಾನ ಎಡಕ್ಕೆ ಕೂತಿದ್ದರು. ಸ್ಟಿಯರಿಂಗ್ ಕಾಕಾನ ಕೈಯಲ್ಲಿ, ಗೇರ್ ಕೋಲು ಅಕ್ಕೋರ ಬಲಗೈಯ ಎರಡು ಬೆರಳಲ್ಲಿ. ಕೋಲು ಸ್ಟಿಯರಿಂಗಿನ ಎಡಗಡೆ ಇದ್ದುದರಿಂದ ಪಕ್ಕದ ಸೀಟಿಗೆ ಅದು ನಿಲುಕುತ್ತಿತ್ತು. ಅವರು ‘ಹೂಂ’ ಅನ್ನುವುದು, ಕಾಕಾ ಕ್ಲಚ್ ಒತ್ತುವುದು, ಅವರು ಗೇರ್ ಬದಲಿಸಿ ಕೈಯನ್ನು ತೊಡೆಯ ಮೇಲೆ ಇಟ್ಟುಕೊಳ್ಳುವುದು.

ನನ್ನ ಹತ್ತಿರ ಬಂದು ನಿಂತಾಗ ಕಾಕಾ ನಾಚಿಕೊಂಡು ಹೇಳಿದ, ‘ಶುಂ ಕರುಂ ಭಾಈ, ಬೆನ್ ಗಿಯರ್ ನಾಖೇ, ಹುಂ ಕ್ಲಚ್ ದಬಾವುಂ.’ ಏನು ಮಾಡಲಿ, ಬೆನ್ ಗೇರ್ ಹಾಕ್ತಾರೆ, ನಾನು ಕ್ಲಚ್ ಒತ್ತುತ್ತೇನೆ ಎಂದು.

‘ಕಾಕಾನ ಕಾಲು ಛಲೋ ಅದ ಸಾವ್ಕಾರ್ರ’ ಎಂದರು ಅಕ್ಕೋರು. ‘ಮಾತು ಕೇಳತದ.’

ನಾನು ನಕ್ಕೆ. ಸ್ಟೇಷನ್ನಿನ ಎದುರು ನಿಂತು, ಉಳಿದವರ ಜೊತೆ ಸೇರಿ ನಕ್ಕೆ. ಗಾಡಿ ಹೋದ ಮೇಲೆ ಅಲ್ಲೇ ಬೆಂಚಿನ ಮೇಲೆ ಕೂತುಬಿಟ್ಟೆ. ನಾನು ಹತ್ತಬೇಕಾಗಿದ್ದ ರೈಲು ಬಂದು ಹೋಯಿತು.

ಆಮೇಲೆ ಎಷ್ಟೋ ವರ್ಷ ಅವರು ಹಾಗೇ ಅರ್ಧ ಗಾಡಿ ಓಡಿಸಿದರು. ಇನ್ನರ್ಧಕ್ಕೆ ಕಾಕಾ ಬರಬೇಕಿತ್ತು. ಕಾಕಾನಿಗೆ ಜ್ವರ ಬಂದ ದಿನ ಮತ್ತೆ ರಿಕ್ಷಾ, ಮತ್ತೆ ‘ಸ್ವಲ್ಪ ನಿಲ್ಲಪ್ಪಾ, ಸ್ವಲ್ಪ ಹತ್ರ ತಾರಪ್ಪಾ’. ‘ಹಿಂಗ ಹೊಂಟ್ರ ಸಾಕು’ ಎಂದು ಅವರು ಹೇಳಿದ್ದ ಆ ಖಾಲಿ ರಸ್ತೆಯ ಮೇಲೆ ಈಗ ಮನೆಗಳು, ಅಂಗಡಿಗಳು. ಅಲ್ಲಿ ಹೋದರೆ ಎಲ್ಲಿಂದ ಎಲ್ಲಿಯವರೆಗೆ ಓಡಿಸಿದರೆಂದು ಗುರುತು ಹಿಡಿಯಲು ನನಗೆ ಆಗುವುದಿಲ್ಲ.

ಈಗ ನಿಮಗೆ ಒಂದು ಮಾತು. ನೀವು ಗಾಡಿ ಕೊಳ್ಳುವವರಾದರೆ ಬಾಗಿಲಿನ ಅಂಚಿಗೆ ಕಿವಿಯಿಟ್ಟು ತಟ್ಟಿ ನೋಡಿ, ಪುಟ್ಟಿ ಇದ್ದಲ್ಲಿ ಸದ್ದು ಮಂದವಾಗುತ್ತದೆ. ಗೇರ್‌ಬಾಕ್ಸನ್ನು ತಣ್ಣಗಿದ್ದಾಗ ಒಮ್ಮೆ, ಕಾದ ಮೇಲೆ ಒಮ್ಮೆ ಪರೀಕ್ಷಿಸಿ. ಬಿಡಿಭಾಗ ಸಿಗದ ಗಾಡಿಯನ್ನು ಚೆಂದ ನೋಡಿ ಕೊಳ್ಳಬೇಡಿ. ಈ ಬುದ್ಧಿವಾದದಲ್ಲಿ ತಪ್ಪಿಲ್ಲ, ಅಂದೂ ಇರಲಿಲ್ಲ. ಆದರೆ ನೀವು ಮಾರುವವರಾದರೆ, ಅಥವಾ ನನ್ನ ಹಾಗೆ ಕೇಳದೆಯೇ ಬುದ್ಧಿ ಹೇಳುವವರಾದರೆ, ಬೆಲೆಯ ಮಾತಿಗೆ ಮೊದಲು ಒಂದು ಪ್ರಶ್ನೆ ಕೇಳಿ: ‘ಯಾರು ಓಡಿಸ್ತೀರಿ?’ ಕೇಳಿದ ಮೇಲೆ ಉತ್ತರ ಪೂರ್ತಿ ಬರುವವರೆಗೂ ಬಾಯಿ ಮುಚ್ಚಿಕೊಂಡಿರಿ. ಮತ್ತೆ, ಬಂದವರು ಗಾಡಿಯ ಮೇಲೆ ಅಂಗೈ ಇಟ್ಟು, ಇಟ್ಟ ಕೈ ತೆಗೆಯದೆ ಸುತ್ತು ಬಂದರೆ, ಎಂಥ ಗಿರಾಕಿ ಎಂದು ಬೆರಗಾಗಬೇಡಿ. ಒಳಗೆ ಹೋಗಿ ಒಂದು ಕುರ್ಚಿ ತಂದು ಹಾಕಿ.